ಬಾಯಿ ತಪ್ಪಿದ ಹೆಸರು

ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ನಮಗೆ ಮನಶ್ಶಾಸ್ತ್ರ ಕಲಿಸುವ ತೋಟಪ್ಪ ಸರ್ ಪ್ರಕಾರ ಯಾರೂ ಯಾವುದನ್ನೂ ಸುಮ್ಮನೆ ಮರೆಯುವುದಿಲ್ಲ. ಬಾಯಿ ತಪ್ಪಿ ಬಂದ ಮಾತೇ ನಿಜವಾದ ಮಾತು. “ಸೀರಿ ತಿರುವಿ ನೋಡ್ರಲೇ, ಗಂಟೆಲ್ಲಾ ಹಿಂದಿರ್ತಾವು. ಮನಸೂ ಹಂಗ,” ಎಂದು ಇಪ್ಪತ್ತು ವರ್ಷಗಳಿಂದ ಅದೇ ದಣಿದ ದನಿಯಲ್ಲಿ ಹೇಳುತ್ತಾರೆ. ಮುಳಗುಂದದ ಇಲಿಯಾಸ ತಡವಾಗಿ ಬಂದು “ಬಸ್ಸ ಬರಲಿಲ್ರಿ” ಎಂದರೆ, “ನಿನ್ನ ಒಳಮನಸು ಬ್ಯಾಡ ಅಂತು, ಬಸ್ಸು ಮಾತು ಕೇಳ್ತು,” ಎನ್ನುತ್ತಾರೆ. ಆದರೆ ಹಾಜರಿ ಕರೆಯುವಾಗ ರಂಜನಾ ಎನ್ನಬೇಕಾದಲ್ಲಿ ದಿನವೂ ‘ಸುಮಂಗಲಾ’ ಎಂದುಬಿಡುತ್ತಾರೆ. ಅದು ಅವರೇ ಕಾಲೇಜು ಬಿಡಿಸಿ ಮದುವೆ ಮಾಡಿಕೊಟ್ಟ ಮಗಳ ಹೆಸರು. ಆ ಸಿಟ್ಟಿಗೆ ಅವಳು ಮೂರು ವರ್ಷದಿಂದ ತವರಿಗೆ ಬಂದಿಲ್ಲ. ಮೊದಮೊದಲು ನಾವು ನಗುತ್ತಿದ್ದೆವು. ಈಗ ರಂಜನಾ ತನ್ನ ಹೆಸರು ತಿದ್ದುವುದಿಲ್ಲ. ಎದ್ದು ನಿಂತು “ಬಂದೀನ್ರಿ” ಎನ್ನುತ್ತಾಳೆ.