ರತ್ನಮ್ಮನ ಭುಜದೆತ್ತರದ ಗೋಡೆ

ಮದಕರಿಪುರದ ಹತ್ತಿರದ ಹೊಸ ಬಡಾವಣೆಗೆ ನಕ್ಷೆ ಬರೆದವನು ನಾನೇ. ಮನೆಗಳ ನಡುವೆ ಆರಡಿ ಗೋಡೆ, ಎಲ್ಲರೂ ಕೂಡಿ ಕೂರಲಿ ಅಂತ ಕೊನೆಯಲ್ಲೊಂದು ಪಾರ್ಕು. ಮಾರನೆಯ ದಿನ ಗೋಡೆ ಕೆಲಸ ಶುರು ಅನ್ನುವಾಗ, ಅಲ್ಲಿ ಸೈಟು ಕೊಂಡಿದ್ದ ರತ್ನಮ್ಮ ತಕರಾರು ತೆಗೆದರು.

“ಇಷ್ಟೆತ್ತರ ಯಾಕ್ರಿ? ಪಕ್ಕದ ಸೈಟಿನ ಮಾಬೂಬಿ ಹತ್ರ ಹೆಪ್ಪು ಇಸ್ಕಳೋದು ಹೆಂಗೆ?”

“ಪಾರ್ಕ್ ಐತಲ್ಲಮ್ಮ, ಅಲ್ಲಿ ಸೇರ್ರಿ” ಅಂದೆ.

“ಒಲೆ ಮೇಲೆ ಸಾರಿಟ್ಟು ಪಾರ್ಕಿಗೆ ಯಾರು ಹೋಗ್ತಾರ್ರಿ?”

“ಗೋಡೆ ಗಿಡ್ಡ ಆದ್ರೆ ಪಕ್ಕದೋರಿಗೆ ಮನೆಯೊಳಗಿನದೆಲ್ಲ ಕಾಣ್ತದೆ!” ಎಂದು ರೇಗಿದೆ.

ಅವರು ಸೆರಗು ಸಿಕ್ಕಿಸಿ ನೆಲಕ್ಕೆ ಕುಂತು, ಪಾತ್ರೆ ತಿಕ್ಕುವಂತೆ ಕೈಯಾಡಿಸಿದರು. “ಕುಂತಾಗ ಕಾಣಬಾರ್ದು.” ಎದ್ದು ನಿಂತು ಭುಜ ಮುಟ್ಟಿ ತೋರಿಸಿದರು. “ನಿಂತ್ರೆ ಮಾತಾಡಂಗಿರ್ಬೇಕು. ಬರ್ಕಳ್ರಿ.”

ನನ್ನ ಓದಿಗೆ ಇದು ಹೊಳೆದಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡೇ ಟೇಪು ಹಿಡಿದೆ: ನಾಲ್ಕಡಿ. ಎಲ್ಲ ಗೋಡೆಗಳೂ ಅಷ್ಟಕ್ಕೇ ನಿಂತವು. ಉಳಿದ ಕಲ್ಲಿನಲ್ಲಿ, ಬೀದಿಯಲ್ಲಿ ಕಡಿಯದೆ ಬಿಟ್ಟಿದ್ದ ಬೇವಿನ ಮರಕ್ಕೊಂದು ಕಟ್ಟೆಯಾಯಿತು.

ವರ್ಷ ಬಿಟ್ಟು ಹೋದಾಗ ಗೋಡೆಯ ಮೇಲಿಂದ ಹೆಪ್ಪಿನ ಬಟ್ಟಲು ದಾಟುತ್ತಿತ್ತು. ನನ್ನ ಪಾರ್ಕಿನ ಬೆಂಚುಗಳೂ ಖಾಲಿ ಇರಲಿಲ್ಲ; ಅವುಗಳ ಮೇಲೆ ಸಂಡಿಗೆ ಒಣಗುತ್ತಿತ್ತು.