ಚೀಟಿಯಿಲ್ಲದ ಕಂಬಳಿ

ಹುಣಸೆ ಬೀಜದ ಗಂಜಿ ಹಚ್ಚಿದ ಹೊಸ ಕಂಬಳಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಸ್ವಲ್ಪ ಹುಳಿ, ಸ್ವಲ್ಪ ಕುರಿ, ಸ್ವಲ್ಪ ತಳ ಹಿಡಿದ ಅಂಬಲಿಯ ಹಾಗೆ. ಹೋದ ತಿಂಗಳು ಅದು ನನ್ನನ್ನು ಹಿಡಿದು ನಿಲ್ಲಿಸಿದ್ದು ಎಲ್ಲಿ ಎಂದರೆ ಮರಿಮೊಮ್ಮಗಳ ಇಂಟರ್‌ನ್ಯಾಶನಲ್ ಸ್ಕೂಲಿನಲ್ಲಿ. ಮಕ್ಕಳ ಕಲೆ ಮತ್ತು ಸಾಧನೆಯ ದಿನವೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹತ್ತಕ್ಕೆ ಶುರು ಎಂದು ಆಮಂತ್ರಣ ಪತ್ರಿಕೆಯಲ್ಲಿತ್ತು. ನಾನು ಒಂಬತ್ತೂ ಮುಕ್ಕಾಲಿಗೆ ಬಾಗಿಲಲ್ಲಿದ್ದೆ. ಶುರುವಾದದ್ದು ಹನ್ನೊಂದಕ್ಕೆ.

ಪ್ರದರ್ಶನದ ಹಾಲಿನಲ್ಲಿ ಎಲ್ಲಕ್ಕೂ ಅಚ್ಚು ಹಾಕಿದ ಕಾರ್ಡು. ಚಿತ್ರಕ್ಕೆ, ಮಣ್ಣಿನ ಗೊಂಬೆಗೆ, ರೋಬೋಟಿಗೆ. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಮಡಿಚಿಟ್ಟ ಕರಿ ಕಂಬಳಿ ಇತ್ತು. ಅದಕ್ಕೆ ಮಾತ್ರ ಕಾರ್ಡು ಇರಲಿಲ್ಲ. ನಾನು ಅಲ್ಲೇ ಕುರ್ಚಿ ತರಿಸಿಕೊಂಡು ಕೂತೆ. ದಣಿವಾಯಿತೇ ಎಂದು ಮೊಮ್ಮಗಳು ಕೇಳಿದಳು. ಹೌದು ಎಂದೆ. ದಣಿವಾಗಿರಲಿಲ್ಲ. ನಮ್ಮ ಡ್ರಾಯಿಂಗ್ ಬಾಯಿಯವರು ನೆನಪಾಗಿದ್ದರು.

ಸೊಲ್ಲಾಪುರದ ನಮ್ಮ ಹುಡುಗಿಯರ ಶಾಲೆಯಲ್ಲಿ ಆಗ, ಅಂದರೆ ಐವತ್ತರ ದಶಕದಲ್ಲಿ, ಕಲಿಸುವವರಿಗೆಲ್ಲ ಬಾಯಿ ಎನ್ನುವುದು ರೂಢಿ. ಪಾಠ ಮರಾಠಿಯಲ್ಲಿ. ಬೆಂಚಿನ ಮೇಲೆ ಮಾತ್ರ ಎಲ್ಲ ಭಾಷೆ. ನನ್ನ ಬಲಕ್ಕೆ ಮಗ್ಗದವರ ಮನೆಯ ತೆಲುಗು ಹುಡುಗಿ, ಹಿಂದೆ ಒಬ್ಬಳು ಗುಜರಾತಿ, ಮುಂದೆ ದಖನಿ ಮಾತಾಡುವ ಇಬ್ಬರು ಅಕ್ಕತಂಗಿಯರು. ನಾನು ಕಚೇರಿಯ ಕಾರಕೂನರ ಮಗಳು, ಮನೆಮಾತು ಕನ್ನಡ. ಡ್ರಾಯಿಂಗ್ ಬಾಯಿಯವರೂ ಕನ್ನಡದವರೇ, ಅಕ್ಕಲಕೋಟದವರು. ವಾರವೆಲ್ಲ ಸೊಲ್ಲಾಪುರದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಇರುತ್ತಿದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ, ಸೋಮವಾರ ಮೊದಲ ಗಂಟೆಗೆ ಹಾಜರ್. ಗಂಡಸರು ಕಟ್ಟುವಂಥ ದೊಡ್ಡ ಕೈಗಡಿಯಾರ, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ನೀಲಿ. ಕ್ಲಾಸಿನಲ್ಲಿ ಮರಾಠಿ ಬಿಟ್ಟು ಮಾತಾಡುತ್ತಿರಲಿಲ್ಲ. ಬೈಯುವಾಗ ಮಾತ್ರ ಕನ್ನಡ, ಅದೂ ಕನ್ನಡದವರಿಗಷ್ಟೇ. ಅದನ್ನು ನಾವು ನಮ್ಮ ಹಕ್ಕು ಎಂದು ತಿಳಿದಿದ್ದೆವು.

ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಮಾನಿಟರ್ ಎನ್ನುತ್ತಿದ್ದರು. ಎಲ್ಲದಕ್ಕೂ ಯಾದಿ, ಪಟ್ಟಿ ಎಂದು ಬರೆಯುವ ನನ್ನ ಹುಚ್ಚು ಅವರಿಗೆ ಗೊತ್ತಿತ್ತು. ಹಾಳೆಯ ಅಂಚಿನಿಂದ ಎರಡು ಬೆರಳು ಬಿಟ್ಟು ಗೆರೆ, ಗೆರೆಯ ಆಚೆ ಒಂದಕ್ಷರ ಹೋಗಕೂಡದು. ಇದನ್ನು ಕಲಿಸಿದವರು ಅವರೇ. ಮುಂದೆ ನಾನು ನರ್ಸ್ ಆಗಿ, ಮೇಟ್ರನ್ ಆಗಿ ಮೂವತ್ತು ವರ್ಷ ವಾರ್ಡುಗಳಲ್ಲಿ ಹಾಸಿಗೆಯ ಚಾದರದ ಅಂಚನ್ನು ಎರಡು ಬೆರಳಿನಿಂದ ಅಳೆಯುತ್ತಿದ್ದೆ. ಹುಡುಗಿಯರು ಹಿಂದಿನಿಂದ ನಗುತ್ತಿದ್ದರು. ನಗಲಿ.

ವರ್ಷದ ಕೊನೆಯ ಗ್ಯಾದರಿಂಗಿನಲ್ಲಿ ನಾಟಕ, ಹಾಡು, ಬಹುಮಾನ, ಜೊತೆಗೆ ಕೈಗೆಲಸದ ಪ್ರದರ್ಶನ. ಪ್ರದರ್ಶನ ಬಾಯಿಯವರ ರಾಜ್ಯ. ಅವರ ಕಾನೂನು ಎರಡೇ. ಪ್ರತಿಯೊಬ್ಬ ಹುಡುಗಿ ತನ್ನ ಕೈಯಿಂದ ಆದ ಒಂದು ವಸ್ತು ತರಬೇಕು. ಪ್ರತಿ ವಸ್ತುವಿಗೂ ಒಂದು ಚೀಟಿ ಇರಬೇಕು, ವಸ್ತುವಿನ ಹೆಸರು, ಮಾಡಿದವಳ ಹೆಸರು, ಇಯತ್ತೆ ಅಂದರೆ ತರಗತಿ. ಚೀಟಿಗಳನ್ನು ಅವರು ಒಂದೇ ಅಳತೆಗೆ ಕತ್ತರಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದರು. ಎಂಟನೆಯ ಇಯತ್ತೆಯಲ್ಲಿದ್ದಾಗ ಆ ಡಬ್ಬಿ ನನ್ನ ಕೈಗೆ ಬಂತು.

ನಮ್ಮ ವರ್ಗದಲ್ಲಿ ಚಪಳಗಾಂವದ ಒಬ್ಬ ಹುಡುಗಿ ಇದ್ದಳು. ಕುರಿ ಸಾಕುವ, ಕಂಬಳಿ ನೇಯುವ ಮನೆತನ. ಸೊಲ್ಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅತ್ತೆಯ ಗಂಡ ಮಿಲ್ಲಿನಲ್ಲಿದ್ದರು. ಎಲ್ಲರೂ ಕ್ರೋಶಾದ ತೋರಣ, ಕಸೂತಿಯ ಮೇಜುಬಟ್ಟೆ, ಕಾಗದದ ಹೂ ಎಂದು ಹೇಳುತ್ತ ಹೋದಾಗ ಅವಳು ಎದ್ದು ನಿಂತು ತನಗೆ ಏನೂ ಬರುವುದಿಲ್ಲ ಎಂದಳು. ಬಾಯಿಯವರು ಅವಳನ್ನು ಕೂಡಿಸಲಿಲ್ಲ. ಊರಿಗೆ ಹೋದಾಗ ಕೈ ಏನು ಮಾಡುತ್ತದೆ ಎಂದು ಕೇಳಿದರು. ಉಣ್ಣೆಯ ನೂಲು ತೆಗೆಯುತ್ತದೆ ಎಂದಳು. ಹಾಗಾದರೆ ಅದನ್ನೇ ತಾ ಎಂದರು.

ಅದೇ ಹೊತ್ತಿಗೆ ಅವಳ ಅಪ್ಪ, ಶಾಲೆ ಸಾಕು, ಮನೆಯಲ್ಲಿ ಸಣ್ಣ ಮಕ್ಕಳಿವೆ, ಕುರಿ ಇವೆ, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದರು. ಬಾಯಿಯವರು ಒಂದು ಶನಿವಾರ ಅಕ್ಕಲಕೋಟಕ್ಕೆ ಹೋಗುವ ಬದಲು ಚಪಳಗಾಂವಕ್ಕೆ ಹೋಗಿದ್ದರಂತೆ. ಕರೆದುಕೊಂಡು ಹೋಗುವುದಿದ್ದರೆ ಗ್ಯಾದರಿಂಗಿನ ದಿನವೇ ಬನ್ನಿ, ಮಗಳು ಮಾಡಿದ್ದನ್ನು ನೋಡಿ, ಆಮೇಲೆ ನಿಮ್ಮ ಮಾತು ನಿಮ್ಮದು, ಎಂದು ಒಪ್ಪಿಸಿ ಬಂದಿದ್ದರು. ಇದು ನಮ್ಮ ವರ್ಗಕ್ಕೆಲ್ಲ ಗೊತ್ತಿತ್ತು. ಆ ದಿನ ಅವಳು ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ ತೀರ್ಮಾನವಾಗಬೇಕಿತ್ತು.

ಗ್ಯಾದರಿಂಗಿನ ಬೆಳಿಗ್ಗೆ ಅವಳು ಒಂದು ಕರಿ ಸುರುಳಿ ಕಂಕುಳಲ್ಲಿಟ್ಟುಕೊಂಡು ಬಂದಳು. ಒಂದು ಮೊಳ ಅಗಲ, ಎರಡು ಮೊಳ ಉದ್ದದ ಕಂಬಳಿ. ನಾನು ಚೀಟಿ ಕೊಟ್ಟೆ. ಅವಳು ಪೆನ್ನು ಹಿಡಿದು ಸುಮ್ಮನೆ ಕೂತಳು. ಕಡೆಗೆ ಎದ್ದು ಬಾಯಿಯವರ ಹತ್ತಿರ ಹೋಗಿ, "ಯಾರ ಹೆಸರ ಬರೀಲ್ರಿ ಬಾಯಾರ? ನಾ ಒಬ್ಬಾಕೀನ ಮಾಡಿಲ್ರಿ" ಎಂದಳು.

ಬಾಯಿಯವರು ಏಣಿಯ ಮೇಲೆ ನಿಂತು ಚಿತ್ರ ತೂಗುಹಾಕುತ್ತಿದ್ದರು. "ಸಂಜೀತನಾ ವಿಚಾರ ಮಾಡು" ಎಂದರು, ಸಂಜೆಯವರೆಗೆ ಬಿಡುವು ಕೊಟ್ಟು.

ಅವಳು ಸುರುಳಿಯನ್ನು ಮೂಲೆಯಲ್ಲಿ ನಿಲ್ಲಿಸಿ ಹಾಡಿನ ತಾಲೀಮಿಗೆ ಹೋದಳು. ಈ ಮಾತುಕತೆ ನಡೆದಾಗ ನಾನು ಹತ್ತು ಹೆಜ್ಜೆ ಆಚೆ ಯಾದಿ ತಿದ್ದುತ್ತಿದ್ದೆ. ಕೇಳಿದ್ದೆನೋ ಇಲ್ಲವೋ... ಕೇಳಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಎರಡೂವರೆಗೆ ಅಂಗಳಕ್ಕೆ ನೀರು ಹೊಡೆದರು. ಧೂಳು ಕೂತಿತು, ಎರೆಮಣ್ಣು ಕೆಸರಾಯಿತು. ತೊಳೆದಿಟ್ಟ ಹಾಲ್‌ನ ಫರಸಿಗಲ್ಲಿನ ನೆಲದ ಮೇಲೆ ಹೆಜ್ಜೆ ಮೂಡತೊಡಗಿದವು. ಬಾಗಿಲಿಗೆ ಹಾಸುವ ಗೋಣಿತಟ್ಟನ್ನು ಯಾರೋ ನೀರಿನ ಹಂಡೆಗೆ ಸುತ್ತಿದ್ದರು. ಬಾಯಿಯವರು ಸಮಾರಂಭದ ಅಧ್ಯಕ್ಷರನ್ನು ಎದುರುಗೊಳ್ಳಲು ಗೇಟಿಗೆ ಹೋಗಿದ್ದರು. ನಾನು ಸುತ್ತ ನೋಡಿದೆ. ಮೂಲೆಯಲ್ಲಿ ಒಂದು ಕರಿ ಸುರುಳಿ. ಒರಟಾಗಿತ್ತು, ವಾಸನೆ ಇತ್ತು, ಬೆಳಿಗ್ಗೆ ನಾನು ಕೊಟ್ಟ ಚೀಟಿ ಅದರ ಮೇಲೆ ಇರಲಿಲ್ಲ. ಚೀಟಿ ಇಲ್ಲದ್ದು ಪ್ರದರ್ಶನದ್ದಲ್ಲ. ನನ್ನ ಯಾದಿಯಲ್ಲಿಯೂ ಅದು ಇರಲಿಲ್ಲ. ಬಿಚ್ಚಿ ಹೊಸ್ತಿಲ ಮುಂದೆ ಹಾಸಿದೆ, ನಾಲ್ಕೂ ಮೂಲೆ ನೆಟ್ಟಗೆ ಎಳೆದೆ. ಅಧ್ಯಕ್ಷರು, ಅವರ ಮನೆಯವರು, ಹೆಡ್‌ಬಾಯಿ, ಒಬ್ಬೊಬ್ಬರಾಗಿ ಚಪ್ಪಲಿ ಒರೆಸಿಕೊಂಡು ಒಳಗೆ ಬಂದರು. ನನಗೆ ಸಮಾಧಾನವಾಯಿತು.

ಆಮೇಲೆ ಸಾಲು ನಿಂತಿತು. ಬಾಗಿಲಲ್ಲಿ ಒಬ್ಬರು ನಿಂತುಬಿಟ್ಟಿದ್ದರು. ತಲೆಗೆ ಕೆಂಪು ಪಟಗ, ಹೆಗಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಸುತ್ತಿದ ಹಗ್ಗ. ಹಣೆಯಲ್ಲಿ ಭಂಡಾರದ ಅರಿಶಿನ. ಬರ್ರಿ, ಒಳಗ ಬರ್ರಿ ಎಂದು ಹುಡುಗಿಯರು ಕರೆದರು. ಅವರು ಕದಲಲಿಲ್ಲ.

ಬಾಯಿಯವರು ಬಂದರು. ಆ ಹುಡುಗಿಯ ಅಪ್ಪ ಬಾಯಿಯವರ ಮುಖ ನೋಡಿ, ದನಿ ಏರಿಸದೆ ಹೇಳಿದರು:

"ಬಾಯಾರ, ಇದು ನಾ ನೇದ ಕಂಬಳಿ. ಬಿಳಿ ಅಂಚ ಹಾಕೀನಿ, ನನಗ ಗುರ್ತ ಸಿಗತೈತಿ. ಇದನ್ನ ತುಳ್ಯಾಕ ಬರ್ರಿ ಅಂದಿದ್ರೇನು?"

ನಮ್ಮ ಮನೆಯಲ್ಲಿ ಕಂಬಳಿ ಎಂದರೆ ಬಂದವರಿಗೆ ಕೂಡಲು ಹಾಸುವ ಸಾಮಾನು. ಅವರ ಮನೆಯಲ್ಲಿ ಕುಲದೈವ ಬೀರೋಬಾನನ್ನು ಕೂಡಿಸುವ ಗದ್ದುಗೆಯೇ ಕಂಬಳಿ, ಅದಕ್ಕೆ ಭಂಡಾರ ಏರಿಸಿ ಕೈಮುಗಿಯುತ್ತಾರೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಬಾಯಿಯವರಿಗೆ ಗೊತ್ತಿತ್ತು. ಅವರು ಚಪ್ಪಲಿ ಕಳಚಿದರು. ಬಗ್ಗಿ ಎರಡೂ ಕೈಯಿಂದ ಕಂಬಳಿ ಎತ್ತಿದರು, ಕೊಡವಿದರು, ಕಣ್ಣಿಗೆ ಒತ್ತಿಕೊಂಡು ನಾಲ್ಕು ಮಡಿಕೆ ಮಾಡಿದರು. ಸೆರಗಿಗೆ ಕೆಸರು ಹತ್ತಿತು.

"ತಪ್ಪು ನಂದರೀ. ಹಾಸೂ ಮುಂದ ನಾ ಇಲ್ಲಿ ಇರಬೇಕಾಗಿತ್ತು. ಇರಲಿಲ್ಲ."

ನಾನು ಯಾದಿಯನ್ನು ಎದೆಗೆ ಒತ್ತಿ ಹಿಡಿದು ಎರಡು ಹೆಜ್ಜೆ ಆಚೆಯೇ ನಿಂತಿದ್ದೆ. ಒಂದು ಮಾತು ಸಾಕಿತ್ತು.

ಅಪ್ಪ ಹೊಸ್ತಿಲು ದಾಟಲಿಲ್ಲ. ಮಗಳನ್ನು ಕರೆಸಿರಿ, ಐದರ ಬಸ್ಸಿಗೆ ಹೋಗುತ್ತೇವೆ ಎಂದರು. ಹಾಸಿಗೆ ಕಟ್ಟಲು ಹಗ್ಗ ತಂದೇ ಇದ್ದರು. ಹುಡುಗಿ ಓಡುತ್ತ ಬಂದಳು. ಕೆಸರಾದ ಕಂಬಳಿ ನೋಡಿದಳು, ನನ್ನನ್ನು ನೋಡಿದಳು. ಯಾರು ಹಾಸಿದ್ದೆಂದು ಅವಳಿಗೂ ತಿಳಿಯಿತು. ಬಾಯಿಯವರು ನನ್ನ ಕಡೆ ಕೈಚಾಚಿದರು.

"ಮಾನಿಟರ್, ಒಂದು ಕೋರಾ ಚೀಟಿ ಕೊಡು."

ಕೊಟ್ಟೆ. ಏನೂ ಬರೆಯದ ಆ ಚೀಟಿಯನ್ನೂ ತಮ್ಮ ಪೆನ್ನನ್ನೂ ಹುಡುಗಿಯ ಕೈಗೆ ಇಟ್ಟು, "ಮುಂಜಾನೆ ಕೇಳಿದಿ ಅಲ್ಲಾ, ಯಾರ ಹೆಸರ ಬರೀಲಿ ಅಂತ? ಈಗ ಅಪ್ಪನ್ನ ಕೇಳು" ಎಂದರು.

ಅವಳು ಅಪ್ಪನ ಮುಖ ನೋಡಿದಳು. ಅವರು ಹೊರಗಿನ ಬೇವಿನ ಮರದ ಕಡೆ ತಿರುಗಿದರು. ಹೋಗಿಬಿಡುತ್ತಾರೆ ಎಂದುಕೊಂಡೆ. ಆಮೇಲೆ ಸಿಟ್ಟು ಇಳಿಯದ ದನಿಯಲ್ಲೇ ಹೇಳಿದರು:

"ಬರಿಯೂದಂದ್ರ ಮೊದಲ ನಮ್ಮವ್ವನ ಹೆಸರ ಬರಿ. ಗಂಜಿ ಕಾಸಿ ಹಚ್ಚಿದಾಕಿ ಆಕಿ. ಕಣ್ಣ ಕಾಣೂದಿಲ್ಲ, ಕೈಲೇ ನೋಡಿ ಹಚ್ಯಾಳ."

ಅವಳು ಮರಾಠಿಯ ಬಾಲಬೋಧ ಅಕ್ಷರದಲ್ಲಿ ಅಜ್ಜಿಯ ಹೆಸರು ಬರೆದಳು. ಆಮೇಲೆ ಉಣ್ಣೆ ಹಿಂಜಿದ ಅವ್ವನ ಹೆಸರು. ಮೂರನೆಯದನ್ನು ಅವರು ಹೇಳದೆಯೇ ಬರೆದಳು. ಹಿಂದಿನಿಂದ ಯಾವಳೋ ಪಿಸುಗುಟ್ಟಿದಳು, ಇನ್ನು ಕುರಿಯ ಹೆಸರೂ ಬರೆಯುತ್ತಾರೇನೋ ಎಂದು. ಅದು ಅಪ್ಪನಿಗೂ ಕೇಳಿಸಿತು. ತಿರುಗಿ ನೋಡಿದರು.

"ಕುರಿಗೋಳಿಗೂ ಹೆಸರ ಅದಾವ ತಂಗಿ. ನಿಮ್ಮ ಚೀಟಿ ಸಾಲಂಗಿಲ್ಲ."

ಮೊದಲು ನಕ್ಕವರು ಬಾಯಿಯವರು. ಆಮೇಲೆ ಎಲ್ಲರೂ. ಹುಡುಗಿ ಕೊನೆಗೆ ಅಂಚಿನ ಎರಡು ಬೆರಳು ಜಾಗದಲ್ಲಿ, ಗೆರೆಯ ಆಚೆ, ತನ್ನ ಹೆಸರು ತುರುಕಿದಳು. ಬಾಯಿಯವರು ನೋಡಿಯೂ ಏನೂ ಅನ್ನಲಿಲ್ಲ.

ಅಪ್ಪ ಚೀಟಿಯ ಮೇಲೆ ಬಗ್ಗಿದರು. "ಇದರಾಗ ನಂದು ಯಾವುದು?"

ಅವಳು ಬೆರಳು ಇಟ್ಟು ತೋರಿಸಿದಳು. ಅವರು ತಮ್ಮ ಬೆರಳನ್ನು ಹತ್ತಿರ ತಂದು, ಮಸಿ ಹಸಿ ಇದೆ ಎಂದು ಕಂಡು, ಮುಟ್ಟದೆ ಹಿಂದಕ್ಕೆ ತೆಗೆದರು. ಆ ಬೆರಳು ಈಗಲೂ ನನ್ನ ಕಣ್ಣ ಮುಂದಿದೆ, ಮಗ್ಗದ ದಾರದಿಂದ ಸೀಳು ಬಿದ್ದ ಉಗುರು...

ಕಂಬಳಿಯನ್ನು ಬಾಯಿಯವರು ಸರಸ್ವತಿಯ ಪಟದ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಇಟ್ಟರು. ಕೆಸರಿನ ವಸ್ತು ಅಲ್ಲಿ ಬೇಡ ಎಂದು ಹೆಡ್‌ಬಾಯಿ ಮೆಲ್ಲಗೆ ಹೇಳಿದರು. ಒಣಗಿದ ಮೇಲೆ ಉದುರುತ್ತದೆ ಎಂದು ಇವರೂ ಅಷ್ಟೇ ಮೆಲ್ಲಗೆ ಹೇಳಿದರು. ನನ್ನನ್ನು ಸ್ಟೂಲಿನ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ಆ ನಾಲ್ಕು ಹೆಸರು ಓದಿ ಹೇಳಬೇಕು, ಯಾರ ಕೆಲಸ ಯಾವುದೆಂದು ಬಿಡಿಸಿ ಹೇಳಬೇಕು ಎಂದರು. ಗಂಟಲು ಒಣಗುವ ತನಕ ಹೇಳಿದೆ. ಬಹುಮಾನದ ಢಾಲು ಕಸೂತಿಯ ಮೇಜುಬಟ್ಟೆಗೇ ಹೋಯಿತು.

ಐದರ ಬಸ್ಸಿಗೆ ಅಪ್ಪ ಹೊರಟರು. ಮಗಳ ತಲೆ ಮುಟ್ಟಿ, "ಪರೀಕ್ಷಾ ಮುಗೀಲಿ" ಎಂದರು, ಅಷ್ಟೇ. ಹಗ್ಗ ಹೆಗಲ ಮೇಲೆ ಸುತ್ತಿದಂತೆಯೇ ಇತ್ತು. ಆ ಪರೀಕ್ಷೆ ಮುಗಿಯಿತು, ಮುಂದಿನದೂ ಮುಗಿಯಿತು. ಅವಳು ಮ್ಯಾಟ್ರಿಕ್ ತನಕ ನನ್ನ ವರ್ಗದಲ್ಲೇ ಓದಿದಳು. ಕಂಬಳಿಯ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ಅಂದು ಎಲ್ಲರೂ ಹೋದ ಮೇಲೆ ಬಾಯಿಯವರೂ ನಾನೂ ಗೋಡೆಯ ದಾರ ಬಿಚ್ಚುತ್ತಿದ್ದೆವು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಅವರು ದಾರದ ಉಂಡೆ ಸುತ್ತುತ್ತಲೇ ಹೇಳಿದರು, "ಚೀಟಿ ಇಲ್ಲಂದ್ರ ಮನಷ್ಯಾರು ಇಲ್ಲಂತಲ್ಲ, ಮಾನಿಟರ್." ಬೈಗುಳ ಅಲ್ಲ. ಆದರೂ ನನಗೆ ಕನ್ನಡದಲ್ಲೇ ಹೇಳಿದ್ದರು. ಡಬ್ಬಿಯನ್ನು ನನ್ನಿಂದ ಕಸಿದುಕೊಳ್ಳಲಿಲ್ಲ. ಮರುವರ್ಷವೂ ಅದು ನನ್ನ ಕೈಯಲ್ಲೇ ಇತ್ತು.

ವಾರ್ಡಿನಲ್ಲಿ ರೋಗಿಗಳನ್ನು ಹಾಸಿಗೆಯ ನಂಬರಿನಿಂದ ಕರೆಯುವ ರೂಢಿ ಇತ್ತು. ನನ್ನ ವಾರ್ಡಿನಲ್ಲಿ ಅದನ್ನು ನಡೆಸಗೊಡಲಿಲ್ಲ. ಮೇಟ್ರನ್‌ಬಾಯಿಯ ಶಿಸ್ತು ಎಂದು ಹೊಗಳಿದರು. ಹೊಗಳಿಕೆ ನನಗೆ ಸಲ್ಲುವುದಲ್ಲ ಎಂದು ಯಾರಿಗೆ ಹೇಳುವುದು? ಹೇಳಬೇಕಾದ ಬಾಯಿಯವರು ನಿವೃತ್ತರಾಗಿ ಅಕ್ಕಲಕೋಟದಲ್ಲಿದ್ದರು. ಹಾಸಿದವಳು ನಾನೇ ಎಂದು ನನ್ನ ಬಾಯಿಂದಲೇ ಅವರಿಗೆ ಹೇಳಬೇಕಿತ್ತು. ಈ ದೀಪಾವಳಿಗೆ, ಬರುವ ಬೇಸಿಗೆಗೆ ಎಂದು... ಡ್ಯೂಟಿ, ಊರಿಂದೂರಿಗೆ ಬದಲಿ, ಮಕ್ಕಳು. ಎಲ್ಲ ಕೆಲಸಕ್ಕೂ ವೇಳಾಪಟ್ಟಿ ಹಾಕಿದವಳು ಇದೊಂದಕ್ಕೆ ಹಾಕಲಿಲ್ಲ. ಕಡೆಗೆ ಹೋದಾಗ ಮನೆಗೆ ಬೀಗ ಇತ್ತು. ಪಕ್ಕದ ಮನೆಯ ಹೆಣ್ಣುಮಗಳು ಕೂಡಿಸಿ ನೀರು ಕೊಟ್ಟು, ಬಾಯಿಯವರು ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಯಾರು ಬಂದಿದ್ದರೆಂದು ಅವರ ತಮ್ಮನಿಗೆ ಹೇಳಲಿ ಎಂದು ಕೇಳಿದಳು. ಮಾನಿಟರ್ ಎಂದು ಹೇಳಿ ನಾಲ್ಕರ ಬಸ್ಸಿಗೆ ವಾಪಸಾದೆ.

ಮರಿಮೊಮ್ಮಗಳ ಶಾಲೆಯಲ್ಲಿ ಕಂಬಳಿಯ ಸ್ಟೂಲಿನ ಹತ್ತಿರ ನಿಂತಿದ್ದ ಹುಡುಗಿಯನ್ನು ಕೇಳಿದೆ, ಇದು ಯಾರು ಮಾಡಿದ್ದು ಎಂದು. ಮಿಸ್ ಅಂಗಡಿಯಿಂದ ತಂದರು ಎಂದಳು. ಮಿಸ್‌ಗೂ ಗೊತ್ತಿರಲಿಲ್ಲ. ಒಂದು ಖಾಲಿ ಕಾರ್ಡು ಕೇಳಿದೆ, ಪ್ರೀತಿಯಿಂದ ಕೊಟ್ಟರು. ಪೆನ್ನು ತೆಗೆದು, ಎರಡು ಬೆರಳು ಜಾಗ ಬಿಟ್ಟು, ಗೆರೆ ಎಳೆದೆ. ಗಂಜಿ ಹಚ್ಚಿದವಳು ಒಬ್ಬಳಿದ್ದಾಳೆ, ಉಣ್ಣೆ ಹಿಂಜಿದವಳು ಒಬ್ಬಳು, ನೇಯ್ದವನು ಒಬ್ಬ. ಒಂದು ಹೆಸರೂ ನನಗೆ ಗೊತ್ತಿಲ್ಲ.

ಕಾರ್ಡು ಈಗ ನನ್ನ ಡೈರಿಯಲ್ಲಿದೆ, ಗೆರೆಯೊಂದೇ ಇದೆ. ಬಾಯಿಯವರಿದ್ದಿದ್ದರೆ ಏಣಿಯ ಮೇಲಿಂದಲೇ ಹೇಳುತ್ತಿದ್ದರು, ಸಂಜೀತನಾ ವಿಚಾರ ಮಾಡು ಎಂದು. ಸಂಜೆಯಾಗಿ ಬಹಳ ಹೊತ್ತಾಯಿತು ಬಾಯಾರ.