ಅಕ್ಸ್‌ಬ್ರಿಡ್ಜ್‌ನಲ್ಲಿ ಮಳೆ

ನನ್ನ ಮಗಳು ಬ್ರೆಜಿಲ್‌ನ ಒಂದು ಗುಡ್ಡದ ಊರಿನಲ್ಲಿ ಕುಳಿತು ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನ ಆಫೀಸಿಗೆ ಕೆಲಸ ಮಾಡುತ್ತಿದ್ದಳು. ಎರಡು ಸಾವಿರದ ದಶಕದ ನಡುವಿನ ಮಾತು. ಹೀಗೂ ಉಂಟೇ ಎಂದು ಜನ ಬಾಯಿ ಬಿಡುತ್ತಿದ್ದ ಕಾಲ. ಆಫೀಸಿನವರೇ ಮೂರು ತಿಂಗಳಿಗೆಂದು ಕಳಿಸಿದ್ದರು. ಬಂದ ಕೆಲಸ ಮುಗಿಯಿತು, ಆದರೆ ಆ ಊರು ಇವಳನ್ನು ಬಿಡಲಿಲ್ಲ. ನಕ್ಷೆ ಬಿಡಿಸಲು ಕಂಪ್ಯೂಟರ್ ಇದ್ದರೆ ಸಾಕು, ಇಲ್ಲಿಂದಲೇ ಮಾಡುತ್ತೇನೆ ಎಂದು ಮ್ಯಾನೇಜರನ್ನು ಒಪ್ಪಿಸಿದಳು. ನನ್ನನ್ನು ಒಪ್ಪಿಸಲಿಲ್ಲ. ಹೇಳಿದಳು, ಅಷ್ಟೇ.

ನಾನು ಧಾರವಾಡದವಳು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಮನೆ ಲಂಡನ್ನಿನದೇ ಸ್ಟ್ಯಾನ್ಮೋರ್‌ನಲ್ಲಿ. ಕನ್ನಡದವರು ಸೇರಿದಲ್ಲೆಲ್ಲ ಊಟದ ತಟ್ಟೆ ಕೈಗೆ ಬರುವ ಮುಂಚೆಯೇ ಪ್ರಶ್ನೆ ಬರುತ್ತದೆ, ಮಗಳು ಎಲ್ಲಿ ಅಂತ. ಬ್ರೆಜಿಲ್ ಎಂದರೆ ಮುಗಿಯಿತು, ಅದರ ಹಿಂದೆಯೇ ಇನ್ನೂ ಹತ್ತು. ಯಾರ ಜೊತೆ? ಒಬ್ಬಳೇನಾ? ಮದುವೆ? ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಯಾರ ಬಾಯಿಗೂ ಬೀಳುವುದು ಬೇಡವೆಂದು "ಅಕ್ಸ್‌ಬ್ರಿಡ್ಜ್‌ನಾಗ ಕೆಲಸರೀ" ಎಂದುಬಿಟ್ಟೆ. ಕೆಲಸ ಅಲ್ಲಿಯದೇ ತಾನೇ? ಬರಬರುತ್ತ ಆ ಮಾತಿಗೆ ಒಂದು ಫ್ಲ್ಯಾಟು, ಫ್ಲ್ಯಾಟಿನಲ್ಲಿ ಒಬ್ಬ ಗೆಳತಿ ಎಲ್ಲ ಸೇರಿಕೊಂಡವು. "ಆ ಫ್ಲ್ಯಾಟಿಗೆ ಕೌನ್ಸಿಲ್ ಟ್ಯಾಕ್ಸ್ ಯಾರು ಕಟ್ತಾರ?" ಎಂದು ಗಂಡ ನನ್ನನ್ನು ಕಾಡುತ್ತಿದ್ದರು.

ದಿನಾ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕ್ಯಾಮೆರಾ ಹಚ್ಚುತ್ತಿದ್ದೆ. ಅಲ್ಲಿ ಅವಳು ತನ್ನ ಕೆಲಸ ಮಾಡುವಳು, ಇಲ್ಲಿ ನಾನು ಹೀರೇಕಾಯಿ ಹೆಚ್ಚುವೆ. ಎಷ್ಟೋ ಹೊತ್ತು ಮಾತೇ ಇರುತ್ತಿರಲಿಲ್ಲ. ಅವಳು ತಲೆ ಕೆರೆದುಕೊಳ್ಳುವುದು, ಪೆನ್ಸಿಲ್ ಕಚ್ಚುವುದು ಕಂಡರೆ ಸಾಕು, ನನ್ನ ಜೀವಕ್ಕೆ ತಂಪು. ಮಾತಾಡಿದರೆ ನನ್ನದು ದಿನಾ ಅದೇ: "ಉಂಡಿ ಏನ? ಬಾಗಿಲಾ ಹಾಕೀ ಏನ? ಯಾವಾಗ ಬರ್ತಿ?" ಅವಳು "ಯೆಸ್ ಅಮ್ಮಾ, ಯೆಸ್ ಅಮ್ಮಾ" ಎನ್ನುವಳು. ಕೊನೆಯದಕ್ಕೆ ಸುಮ್ಮನೆ ನಗುವಳು.

ನವೆಂಬರಿನ ಒಂದು ಶುಕ್ರವಾರ. ಮೂರು ಗಂಟೆಗೇ ಮಬ್ಬುಗತ್ತಲು, ಹೊರಗೆ ಧೋ ಎಂದು ಮಳೆ. ಎರಡು ಬೀದಿ ಆಚೆಯ ಮೈಸೂರಿನ ಗೆಳತಿ ನನ್ನ ಡಬ್ಬಿ ವಾಪಸು ಕೊಡಲು ಬಂದರು. ಖಾಲಿ ಡಬ್ಬಿ ಕೊಡಬಾರದೆಂದು ಕೋಡುಬಳೆ ತುಂಬಿ ತಂದಿದ್ದರು. ಕೊಡೆ ಮಡಚುತ್ತ ನೇರ ಅಡುಗೆಮನೆಗೇ ನಡೆದುಬಿಟ್ಟರು. ನಾನು ಲ್ಯಾಪ್‌ಟಾಪ್ ಮುಚ್ಚಬೇಕು ಎನ್ನುವಷ್ಟರಲ್ಲಿ ಅವರ ಕಣ್ಣಿಗೆ ಬಿದ್ದಾಗಿತ್ತು.

"ಅಯ್ಯೋ, ಮಗಳಾ! ಇಲ್ಲೇ ಅಕ್ಸ್‌ಬ್ರಿಡ್ಜ್‌ನಲ್ಲಿರೋಳ ಜೊತೆ ಕ್ಯಾಮೆರಾದಲ್ಲಿ ಮಾತಾಡ್ತೀರೇನ್ರೀ?" ಎಂದು ನಕ್ಕು ಲ್ಯಾಪ್‌ಟಾಪಿನತ್ತ ಬಾಗಿದರು. "ಚೆನ್ನಾಗಿದೀಯೇನಮ್ಮ? ನಿಮ್ಮ ಆಫೀಸಿನ ಹತ್ರಾನೂ ಹೀಗೇ ಮಳೇನಾ?"

ಮಗಳ ಬೆನ್ನ ಹಿಂದಿನ ಕಿಟಕಿಯಲ್ಲಿ ರಣರಣ ಬಿಸಿಲು. ಅವಳು ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಎಲ್ಲ ಅರ್ಥವಾಗಿಹೋಯಿತು ಅವಳಿಗೆ. ಕೈ ಹಿಂದಕ್ಕೆ ಚಾಚಿ ಕರ್ಟನ್ ಎಳೆದಳು. ಆಮೇಲೆ, ಮಾತು ಬಂದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಒಂದೊಂದೇ ಶಬ್ದ ಹುಡುಕಿ ಹೇಳಿದಳು: "ಹೌದು ಆಂಟಿ. ಭಾಳ ಮಳಿ."

ನನ್ನ ಮಾನ ಉಳಿಸಲು ಮಗಳು ತಾನಿರುವ ಊರಿನ ಬಿಸಿಲನ್ನೇ ಮುಚ್ಚಿಟ್ಟಿದ್ದಳು. ಇದೇನು ಮಾಡಿಬಿಟ್ಟೆ ನಾನು? ನಾಚಿಕೆಪಡುವಂಥದ್ದು ಅವಳೇನು ಮಾಡಿದ್ದಳು?

"ಸುಳ್ಳರೀ," ಎಂದೆ. "ಮಳಿ ಇಲ್ಲ, ಏನಿಲ್ಲ. ಆಕಿ ಬ್ರೆಜಿಲ್‌ನಾಗ ಅದಾಳ. ಎಂಟು ತಿಂಗಳಾತು. ಸುಳ್ಳು ಹೇಳಿದಾಕಿ ನಾನು, ಆಕಿ ಅಲ್ಲ."

ನನ್ನ ದನಿ ಜಗಳಕ್ಕೆ ನಿಂತವರ ಹಾಗೆ ಏರಿತ್ತು. ಯಾರ ಜೊತೆ, ಒಬ್ಬಳೇನಾ ಎಂದು ಕೇಳಿದರೆ ಏನು ಹೇಳಬೇಕೆಂದು ಟೊಂಕ ಕಟ್ಟಿಯೇ ನಿಂತಿದ್ದೆ. ಗೆಳತಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು.

"ಹಂಗಾದ್ರೆ ಆ ಕರ್ಟನ್ ತೆಗಿ ಮಗಳೇ. ನೀನಿರೋ ಊರು ತೋರ್ಸು."

ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಕಿಟಕಿಗೆ ಹೋದಳು. ಚಿತ್ರ ನಿಂತು ನಿಂತು, ತುಂಡುತುಂಡಾಗಿ ಬಂತು. ಗುಡ್ಡದ ತುಂಬ ಮನೆ, ಮನೆಯ ತಲೆಯ ಮೇಲೆ ಮನೆ. ಕೆಳಗೆ ಏಣಿಯ ಹಾಗೆ ನೆಟ್ಟಗೆ ನಿಂತ ಬೀದಿ. ಅದರಲ್ಲಿ ವಯಸ್ಸಾದ ಹೆಂಗಸೊಬ್ಬಳು ಚೀಲ ಹಿಡಿದು ಏದುತ್ತ ಹತ್ತುತ್ತಿದ್ದಳು. ಮಗಳು ಏನೋ ಕೂಗಿದಳು. ಆಕೆ ತಲೆಯೆತ್ತಿ ನಕ್ಕು ಕೈ ಬೀಸಿದಳು. ತನಗೆ ಜ್ವರ ಬಂದಾಗ ದಿನಾ ಸೂಪ್ ಮಾಡಿ ತಂದುಕೊಟ್ಟವಳು ಇವಳೇ ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ದಿನಾ ಅವಳ ಮುಖ ನೋಡಿಯೂ ಜ್ವರ ಬಂದದ್ದೇ ನನಗೆ ಗೊತ್ತಾಗಿರಲಿಲ್ಲ.

"ಇಷ್ಟು ದಿನ ಇದನ್ನೆಲ್ಲಾ ಯಾಕ ತೋರಿಸಲಿಲ್ಲ ನನಗ?" ಎಂದೆ.

"ನೀನು ಕೇಳಲೇ ಇಲ್ಲವಲ್ಲ, ಅಮ್ಮಾ" ಎಂದಳು, ತನ್ನ ಇಂಗ್ಲಿಷಿನಲ್ಲೇ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.